ಜೂನ್ 1ರ ಇನ್ನೊಬ್ಬ ಮಂಜುನಾಥ

ನನ್ನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್‌ನಲ್ಲಿ ಹುಟ್ಟಿದ ತಾರೀಕು 1-6-1986 ಅಂತಿದೆ, ಅದನ್ನ ನೋಡಿ ಪ್ಯಾನ್ ಆಯ್ತು, ಆಮೇಲೆ ಆಧಾರ್ ಆಯ್ತು, ಎಲ್ಲದ್ರಲ್ಲೂ ಅದೇ ತಾರೀಕು. ಅಮ್ಮನ್ನ ಕೇಳಿದ್ರೆ ನಾನು ಹುಟ್ಟಿದ್ದು ರಾಗಿ ಕೊಯ್ಲು ನಡೀತಿದ್ದಾಗ, ಅಂದ್ರೆ ನವೆಂಬರ್ ಡಿಸೆಂಬರ್ ಇರಬೇಕು. ಸ್ಕೂಲಿಗೆ ಸೇರಿಸೋಕೆ ಅಪ್ಪ ಕರ್ಕೊಂಡು ಹೋದಾಗ ಮೇಷ್ಟ್ರು ಯಾವಾಗ ಹುಟ್ಟಿದ್ದು ಅಂತ ಕೇಳಿದ್ರಂತೆ, ಅಪ್ಪ ನೆನಪಿಲ್ಲ ಅಂದ್ರಂತೆ, ಶಾಲೆ ಶುರುವಾಗೋದು ಜೂನ್, ವಯಸ್ಸಿನ ಲೆಕ್ಕ ಸರಿಹೋಗ್ಲಿ ಅಂತ ಜೂನ್ 1 ಬರೆದ್ರು. ನಮ್ಮ ಕ್ಲಾಸಲ್ಲೇ ಏಳು ಜನ ಜೂನ್ 1ರೋರು ಇದ್ವಿ. ಹಳ್ಳಿ ಕಡೆ ಓದಿದ ನನ್ನ ವಯಸ್ಸಿನೋರು ಯಾರೇ ಇದನ್ನ ಓದಿದ್ರೂ ಹೌದು ಹೌದು ಅಂತಾರೆ.

ಹೆಸರು ಮಂಜುನಾಥ. ಜೊತೆಗೆ ಎರಡು ಇನಿಶಿಯಲ್, ಒಂದು ಊರಿಂದು ಒಂದು ಅಪ್ಪಂದು. ಈ ಹೆಸರು, ಈ ಇನಿಶಿಯಲ್, ಈ ತಾರೀಕು ಮೂರೂ ಸೇರಿ 2024ರಲ್ಲಿ ನನ್ನ ಹೋಮ್ ಲೋನ್‌ನ ನಾಲ್ಕೈದು ತಿಂಗಳು ತಡೆದು ನಿಲ್ಲಿಸಿದ್ವು. ಆ ಕಥೆ ಪೂರ್ತಿ ಬರೀತೀನಿ, ಯಾಕಂದ್ರೆ ಇದು ಯಾರಿಗಾದ್ರೂ ಆಗಬಹುದು, ಆದಾಗ ಮೊದಲನೇ ದಿನ ಏನು ಮಾಡ್ತೀವಿ ಅನ್ನೋದರ ಮೇಲೆ ಮುಂದಿಂದೆಲ್ಲ ನಿಂತಿರುತ್ತೆ, ನಾನು ಮೊದಲನೇ ದಿನವೇ ತಪ್ಪು ಹೆಜ್ಜೆ ಇಟ್ಟು ಒಂದು ತಿಂಗಳು ಕಳ್ಕೊಂಡೆ.

ತುಮಕೂರಲ್ಲಿ 30-40 ಸೈಟು. ಯುಗಾದಿ ಆದ್ಮೇಲೆ ಏಪ್ರಿಲ್‌ನಲ್ಲಿ ಗುದ್ದಲಿ ಪೂಜೆ ಮಾಡಿದ್ವಿ, ಕೈಯಲ್ಲಿದ್ದ ದುಡ್ಡಲ್ಲಿ ಪಾಯ ತೆಗೆಸಿದ್ವಿ, ಉಳಿದಿದ್ದಕ್ಕೆ 22 ಲಕ್ಷ ಲೋನ್ ಅಂತ ಲೆಕ್ಕ. ಸಂಬಳ ಬರೋ ಬ್ಯಾಂಕಲ್ಲೇ ಅರ್ಜಿ ಹಾಕಿದ್ದೆ. ಜೂನ್ ಎರಡನೇ ವಾರ ಮ್ಯಾನೇಜರ್ ಫೋನ್ ಮಾಡಿ ಒಂದ್ಸಲ ಬಂದು ಹೋಗಿ ಸರ್ ಅಂದ್ರು. ಹೋದೆ. ಒಳ್ಳೇ ಮನುಷ್ಯ, ಬಾಗಿಲು ಹಾಕ್ಕೊಂಡು ಮೆಲ್ಲಗೆ ಹೇಳಿದ್ರು, "ಸರ್ ನಿಮ್ಮ ಸಿಬಿಲ್ ಸ್ಕೋರ್ 611 ಅಷ್ಟೇ ಇದೆ, ಒಂದು ಸಾಲ ರಿಟನ್ ಆಫ್, ಅಂದ್ರೆ ವಸೂಲಾಗಲ್ಲ ಅಂತ ಕೈಬಿಟ್ಟಿದ್ದು, ಅಂತ ತೋರಿಸ್ತಿದೆ, ಹಿಂಗಿದ್ರೆ ನಮ್ಮ ಸಿಸ್ಟಮ್ಮೇ ಮುಂದಕ್ಕೆ ಬಿಡಲ್ಲ". ನಾನು ಜೀವನದಲ್ಲಿ ತಗೊಂಡಿದ್ದು ಎರಡೇ ಸಾಲ, ಒಂದು ಬೈಕ್‌ದು, ಇನ್ನೊಂದು ತಂಗಿ ಮದುವೆಗೆ ತಗೊಂಡ ಪರ್ಸನಲ್ ಲೋನ್, ಎರಡರದ್ದೂ ಒಂದು ಇಎಂಐ ತಪ್ಪಿಲ್ಲ, ಎರಡರದ್ದೂ ಎನ್‌ಒಸಿ, ಬಾಕಿ ಇಲ್ಲ ಅನ್ನೋ ಪತ್ರ, ಬೀರುವಲ್ಲಿದೆ. ಅದನ್ನೇ ಹೇಳಿದೆ. "ಇರಬಹುದು ಸರ್, ಆದ್ರೆ ರಿಪೋರ್ಟಲ್ಲಿ ಹಂಗಿಲ್ವಲ್ಲ" ಅಂದ್ರು. ಆ ಕುರ್ಚೀಲಿ ಕೂತು ನಾನು ಸಾಲಗಾರ ಅಲ್ಲ ಅಂತ ಇನ್ನೊಬ್ಬರಿಗೆ ಹೇಳಬೇಕಾಗಿ ಬಂದಿದ್ದು ಇದೆಯಲ್ಲ, ಅದರ ಅವಮಾನ ಈಗಲೂ ಮರೆತಿಲ್ಲ.

ಮನೆಗೆ ಬಂದು ನನ್ನ ಸಾಲಗಳ ಲೆಕ್ಕ ಇರೋ ಕ್ರೆಡಿಟ್ ರಿಪೋರ್ಟ್ ತೆಗೆದೆ. ಇಲ್ಲಿ ಒಂದು ವಿಷ್ಯ ಹೇಳ್ಬೇಕು, ನಮ್ಮಲ್ಲಿ ಜನ ಯಾವ ರಿಪೋರ್ಟ್ ಆದ್ರೂ ಸಿಬಿಲ್ ಅಂತಾನೇ ಕರೀತಾರೆ, ಆದ್ರೆ ದೇಶದಲ್ಲಿ ಇಂಥ ರಿಪೋರ್ಟ್ ಕೊಡೋ ಕ್ರೆಡಿಟ್ ಮಾಹಿತಿ ಕಂಪನಿ ನಾಲ್ಕಿವೆ, ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್. ನಾಲ್ಕೂ ಕಂಪನಿಗಳು ವರ್ಷಕ್ಕೆ ಒಂದ್ಸಲ ಪೂರ್ತಿ ರಿಪೋರ್ಟ್ ಫ್ರೀ ಕೊಡಲೇಬೇಕು, 2017ರಿಂದ ರಿಸರ್ವ್ ಬ್ಯಾಂಕ್ ರೂಲ್ಸೇ ಇದೆ. ನಮ್ಮ ರಿಪೋರ್ಟ್ ನಾವೇ ನೋಡ್ಕೊಂಡ್ರೆ ಸ್ಕೋರ್ ಕಮ್ಮಿ ಆಗಲ್ಲ, ಈ ಭಯ ಎಷ್ಟೋ ಜನಕ್ಕಿದೆ, ನಂಗೂ ಇತ್ತು, ಅದಕ್ಕೇ ಅಲ್ಲಿವರೆಗೂ ಒಂದ್ಸಲಾನೂ ನೋಡಿರ್ಲಿಲ್ಲ.

ರಿಪೋರ್ಟ್‌ನಲ್ಲಿ ನನ್ನ ಬೈಕ್ ಲೋನ್ ಇತ್ತು, ಪರ್ಸನಲ್ ಲೋನ್ ಇತ್ತು, ಮೂರನೇದು ಒಂದು ಕನ್ಸ್ಯೂಮರ್ ಲೋನ್, ಅಂದ್ರೆ ಟಿವಿ ಫ್ರಿಜ್ ಥರದ ಸಾಮಾನಿಗೆ ಕೊಡೋ ಸಾಲ, ಒಂದು ಫೈನಾನ್ಸ್ ಕಂಪನೀದು, 2021ರ ನವೆಂಬರ್‌ನಲ್ಲಿ ತಗೊಂಡಿದ್ದು, 18,500 ರೂಪಾಯಿ. ಅದರ ಕೆಳಗೆ ತಿಂಗಳು ತಿಂಗಳಿಗೂ ಒಂದೊಂದು ಚಿಕ್ಕ ಮನೆ ಇರುತ್ತೆ, ಇಎಂಐ ಎಷ್ಟು ದಿನ ತಡ ಆಗಿದೆ ಅಂತ ಅದರಲ್ಲಿ ಬರೆದಿರ್ತಾರೆ, ಡಿಪಿಡಿ ಅಂತಾರೆ ಅದಕ್ಕೆ. ಡಿಸೆಂಬರ್ 000, ಜನವರಿ 000, ಫೆಬ್ರವರಿ 000. ಸೊನ್ನೆ ಇದ್ರೆ ಸರಿಯಾಗಿ ಕಟ್ಟಿದಾರೆ ಅಂತ. ಮಾರ್ಚ್ 026, ಏಪ್ರಿಲ್ 057, ಮೇ 087, ಜೂನ್ 118, ಹಂಗೇ ಏರ್ಕೊಂಡು ಹೋಗಿ ಕೊನೆಗೆ ರಿಟನ್ ಆಫ್, ಬಾಕಿ 14,390. 90 ದಿನ ದಾಟಿದ್ರೆ ಕೆಟ್ಟ ಸಾಲ, ಅಂದ್ರೆ ಎನ್‌ಪಿಎ, ಆಮೇಲೆ ಯಾವ ಬ್ಯಾಂಕೂ ಹತ್ರ ಸೇರಿಸಲ್ಲ. ಆ ಮನೆಗಳನ್ನ ಒಂದೊಂದಾಗಿ ಓದ್ತಾ ಇದ್ರೆ ಯಾರದ್ದೋ ಸಂಸಾರ ತಿಂಗಳು ತಿಂಗಳಿಗೂ ಕುಸೀತಾ ಹೋಗೋದನ್ನ ನೋಡ್ದಂಗಿತ್ತು, ಆದ್ರೆ ಆ ಹೊತ್ತಲ್ಲಿ ನಂಗೆ ಬರೀ ಸಿಟ್ಟು.

ಸಿಟ್ಟಲ್ಲೇ ಅವತ್ತೇ, ಜೂನ್ 18ನೇ ತಾರೀಕು, ಆನ್‌ಲೈನಲ್ಲಿ ಡಿಸ್ಪ್ಯೂಟ್, ಅಂದ್ರೆ ತಕರಾರು, ಹಾಕಿದೆ. ಅದಕ್ಕೆ ದುಡ್ಡೇನೂ ಇಲ್ಲ. ಯಾವುದು ತಪ್ಪಿದೆ ಅಂತ ಆರಿಸ್ಬೇಕು, ನಾನು ಆ ಬಾಕಿ ಮೊತ್ತ ಮತ್ತೆ ರಿಟನ್ ಆಫ್ ಅನ್ನೋ ಸ್ಟೇಟಸ್ ಎರಡನ್ನೂ ಟಿಕ್ ಮಾಡಿ ಇದು ತಪ್ಪು ಅಂತ ಹಾಕ್ದೆ. ಇದೇ ನಾನು ಮಾಡಿದ ತಪ್ಪು. ಡಿಸ್ಪ್ಯೂಟ್ ಅಂದ್ರೆ ಏನಾಗುತ್ತೆ ಅಂದ್ರೆ, ರಿಪೋರ್ಟ್ ಕೊಡೋ ಆ ಕ್ರೆಡಿಟ್ ಕಂಪನಿ ತಾನಾಗೇ ಒಂದಕ್ಷರ ಬದಲಾಯಿಸಲ್ಲ, ಸಾಲ ಕೊಟ್ಟೋರಿಗೆ ಕಳಿಸಿ ನೀವು ಕೊಟ್ಟ ಮಾಹಿತಿ ಸರಿ ಇದೆಯಾ ಅಂತ ಕೇಳುತ್ತೆ. ಫೈನಾನ್ಸ್ ಕಂಪನೀಲಿ ಕೂತೋರು ಲೆಡ್ಜರ್ ತೆಗೆದು ನೋಡ್ತಾರೆ, 14,390 ಬಾಕಿ ಇದೆಯಾ, ಇದೆ, ರಿಟನ್ ಆಫ್ ಮಾಡಿದೀವಾ, ಮಾಡಿದೀವಿ, ಮಾಹಿತಿ ಸರಿ ಇದೆ ಅಂತ ವಾಪಸ್ ಕಳಿಸ್ತಾರೆ. ಅವರ ಕಡೆಯಿಂದ ನೋಡಿದ್ರೆ ಅದು ಸುಳ್ಳೂ ಅಲ್ಲ. ನಾನು ಕೇಳ್ಬೇಕಾಗಿದ್ದು ಎಷ್ಟು ಬಾಕಿ ಅಂತ ಅಲ್ಲ, ಯಾರ ಬಾಕಿ ಅಂತ. ಓನರ್‌ಶಿಪ್, ಈ ಖಾತೆ ನಂದಲ್ಲ, ಅಂತ ಬೇರೆಯೇ ಒಂದು ಆಯ್ಕೆ ಇರುತ್ತೆ, ಅದನ್ನ ನೋಡ್ಲೇ ಇಲ್ಲ. ಜುಲೈ 8ಕ್ಕೆ ಮೇಲ್ ಬಂತು, ಸಾಲ ಕೊಟ್ಟ ಸಂಸ್ಥೆ ಬದಲಾವಣೆ ಒಪ್ಪಿಲ್ಲ ಅಂತ.

ಆ ಮೂರು ವಾರ ಮಳೆ. ಪಾಯದ ಗುಂಡಿ ತುಂಬಾ ನೀರು, ಸಾಯಂಕಾಲ ಹೋಗಿ ನಿಂತ್ರೆ ಕಪ್ಪೆ ಸದ್ದು, ಒಂದು ಕಡೆ ಮಣ್ಣು ಕುಸಿದು ಪಕ್ಕದ ಸೈಟಿನೋರ ಕಾಂಪೌಂಡ್ ಕಲ್ಲು ಎರಡು ಒಳಗೆ ಬಿದ್ದಿದ್ವು. ಮೇಸ್ತ್ರಿ ಬೇರೆ ಕೆಲಸ ಹಿಡ್ಕೊಂಡ್ರು, ಅವ್ರನ್ನ ತಪ್ಪು ಅನ್ನೋಕಾಗಲ್ಲ.

ಅದೇ ವಾರ ಫೈನಾನ್ಸ್ ಕಂಪನಿ ಕಡೆಯಿಂದ ಅಂತ ಫೋನ್ ಬಂತು. ಡಿಸ್ಪ್ಯೂಟ್ ಹಾಕಿದ್ದಕ್ಕೆ ಎಚ್ಚರ ಆಗಿರ್ಬೇಕು. "ಸಾರ್, ಏಳು ಸಾವಿರ ಕಟ್ಬಿಡಿ, ಸೆಟಲ್ಮೆಂಟ್ ಲೆಟರ್ ಕೊಡ್ತೀವಿ, ಎಲ್ಲ ಕ್ಲಿಯರ್ ಆಗೋಗುತ್ತೆ". ಹಿಂದೆ 2023ರಲ್ಲೂ ಹಿಂಗೇ ಒಂದೆರಡು ಸಲ ಮಂಜುನಾಥ್ ಅವರಾ, ಫ್ರಿಜ್ ಲೋನ್ ಬಾಕಿ ಇದೆ ಅಂತ ಫೋನ್ ಬಂದಿತ್ತು, ರಾಂಗ್ ನಂಬರ್ ಅಂತ ಇಟ್ಬಿಟ್ಟಿದ್ದೆ. ಇದು ಓದ್ತಿರೋರಿಗೆ ಯಾರಿಗಾದ್ರೂ ಅಂಥ ಫೋನ್ ಬಂದಿದ್ರೆ ದಯವಿಟ್ಟು ಸುಮ್ನೆ ಇಡಬೇಡಿ, ಯಾವ ಕಂಪನಿ, ಯಾವ ಲೋನ್ ನಂಬರ್ ಅಂತ ಬರ್ಕೊಂಡು ಅವತ್ತೇ ಕಂಪನಿಗೆ ಮೇಲ್ ಹಾಕಿ ಇದು ನಾನಲ್ಲ ಅಂತ. ವಸೂಲಿಯೋರು ಬೆಳಗ್ಗೆ 8ಕ್ಕೆ ಮುಂಚೆ ಸಂಜೆ 7 ಆದ್ಮೇಲೆ ಫೋನ್ ಮಾಡೋಹಂಗಿಲ್ಲ ಅಂತ 2022ರ ಆಗಸ್ಟ್‌ನಲ್ಲೇ ರಿಸರ್ವ್ ಬ್ಯಾಂಕ್ ಹೇಳಿದೆ, ಅದನ್ನೂ ನೆನಪಿಟ್ಕೊಳ್ಳಿ.

ಏಳು ಸಾವಿರದ ವಿಷ್ಯ ಮನೇಲಿ ಹೇಳಿದೆ. ನನ್ನ ಹೆಂಡ್ತಿ ಅಂದ್ಲು, "ರೀ, ಏಳು ಸಾವಿರ ತಾನೇ, ಕಟ್ಟಿ ಬಿಸಾಕಿ. ತಿಂಗಳಿಗೆ ಬಾಡಿಗೆನೇ ಹನ್ನೊಂದು ಸಾವಿರ ಕಟ್ತಿದೀವಿ, ಇನ್ನೊಂದು ತಿಂಗಳು ತಡ ಆದ್ರೆ ಅದಕ್ಕಿಂತ ಜಾಸ್ತಿ ಹೋಗುತ್ತೆ". ಅವಳ ಲೆಕ್ಕ ತಪ್ಪಿರ್ಲಿಲ್ಲ. ಬ್ಯಾಂಕ್ ಮ್ಯಾನೇಜರ್ ಕೂಡ ಸುಮಾರು ಹಂಗೇ ಹೇಳಿದ್ರು. ಎರಡು ರಾತ್ರಿ ಯೋಚನೆ ಮಾಡ್ದೆ. "ನಂದಲ್ಲದ್ದನ್ನ ನಾನು ಕಟ್ಟಿದ್ರೆ ನಂದು ಅಂತ ಒಪ್ಪಿಕೊಂಡಂಗೆ ಆಗುತ್ತೆ ಕಣೇ, ಆಮೇಲೆ ಯಾರ ಹತ್ರ ಹೋಗಿ ನಂದಲ್ಲ ಅಂತ ಹೇಳ್ಲಿ" ಅಂದೆ. ಅದು ಬರೀ ಹಟ ಅಲ್ಲ. ಸೆಟಲ್ಮೆಂಟ್ ಮಾಡ್ಕೊಂಡ್ರೆ ರಿಪೋರ್ಟಲ್ಲಿ ಕ್ಲೋಸ್ಡ್ ಅಂತ ಬರಲ್ಲ, ಸೆಟಲ್ಡ್ ಅಂತ ಬರುತ್ತೆ, ಅಂದ್ರೆ ಈ ಮನುಷ್ಯ ಪೂರ್ತಿ ಕಟ್ಟಲಿಲ್ಲ, ಚೌಕಾಸಿ ಮಾಡಿ ಮುಗಿಸಿದ ಅಂತ ಅರ್ಥ, ಅದು ವರ್ಷಗಟ್ಟಲೆ ಅಲ್ಲೇ ಕೂತಿರುತ್ತೆ, ಈ ಕಂಪನಿಗಳು ಕನಿಷ್ಠ 7 ವರ್ಷ ಮಾಹಿತಿ ಇಟ್ಕೊಂಡಿರಬೇಕು ಅಂತಾನೇ ಇದೆ. ಏಳು ಸಾವಿರ ಕೊಟ್ಟು ಏಳು ವರ್ಷದ ಕಳಂಕ ತಗೊಂಡಂಗೆ. ಅವಳು ಸ್ವಲ್ಪ ಹೊತ್ತು ಸುಮ್ನಿದ್ದು, "ಸರಿ, ಆದ್ರೆ ಬರೀ ಫೋನಲ್ಲಿ ಮಾತಾಡಬೇಡಿ, ಎಲ್ಲ ಬರೆದೇ ಕೊಡಿ" ಅಂದ್ಲು. ಆ ಮಾತೇ ಕೊನೆಗೆ ನಮ್ಮನ್ನ ಉಳಿಸಿದ್ದು.

ಸಿಬಿಲ್ ಸರಿ ಮಾಡಿಸ್ಕೊಡ್ತೀವಿ ಅನ್ನೋ ಏಜೆಂಟ್ ಒಬ್ರು ಸಿಕ್ಕಿದ್ರು, 15,000 ಕೇಳಿದ್ರು. ಕೊಡಬೇಡಿ ಯಾರೂ. ಸಾಲ ಕೊಟ್ಟೋರು ಒಪ್ಪದೆ ಯಾರೂ ಏನೂ ಅಳಿಸೋಕೆ ಆಗಲ್ಲ, ಅವರೂ ನಾವು ಹಾಕೋ ಡಿಸ್ಪ್ಯೂಟನ್ನೇ ನಮ್ಮ ಹೆಸರಲ್ಲಿ ಹಾಕ್ತಾರೆ ಅಷ್ಟೇ.

ಈ ಸಲ ಮೊದಲು ಕೂತು ಓದಿದೆ. ನಾಲ್ಕೂ ಕಂಪನಿ ರಿಪೋರ್ಟ್ ತೆಗೆದು ಪ್ರಿಂಟ್ ಹಾಕಿ ಮಂಚದ ಮೇಲೆ ಹರಡಿಕೊಂಡೆ. ಇಬ್ಬರಲ್ಲಿ ಆ ಫ್ರಿಜ್ ಲೋನ್ ಇತ್ತು, ಇನ್ನಿಬ್ಬರಲ್ಲಿ ಇರ್ಲೇ ಇಲ್ಲ. ಇದು ನಂಗೆ ಸಿಕ್ಕಿದ ಮೊದಲನೇ ಬೆಳಕು. ಯಾಕಂದ್ರೆ 2015ರಿಂದ ಸಾಲ ಕೊಡೋ ಸಂಸ್ಥೆಗಳೆಲ್ಲ ನಾಲ್ಕೂ ಕಡೆಗೆ ಸದಸ್ಯರಾಗಿರ್ಬೇಕು, ನಾಲ್ಕೂ ಕಡೆಗೆ ಮಾಹಿತಿ ಕಳಿಸ್ಬೇಕು. ಒಂದೇ ಸಾಲ, ನಾಲ್ಕು ಕಡೆಗೆ ಹೋಗಿದೆ, ಎರಡು ಕಡೆ ನನ್ನ ಫೈಲಿಗೆ ಅಂಟಿಸಿದಾರೆ, ಎರಡು ಕಡೆ ಇವನಲ್ಲ ಅಂತ ಬಿಟ್ಟಿದಾರೆ. ಅಂದ್ರೆ ಆ ಸಾಲದ ಜೊತೆ ನನ್ನ ಪ್ಯಾನ್ ನಂಬರ್ ಹೋಗೇ ಇಲ್ಲ, ಹೋಗಿದ್ರೆ ನಾಲ್ಕೂ ಕಡೆ ಬರ್ತಿತ್ತು. ಹೆಸರು ಮತ್ತೆ ತಾರೀಕು ನೋಡಿ ಹೊಂದಿಸಿದಾರೆ.

ಎರಡನೇ ಬೆಳಕು ಮೊದಲನೇ ಪುಟದಲ್ಲೇ ಇತ್ತು, ಅಲ್ಲಿ ಯಾರೂ ನೋಡಲ್ಲ, ಎಲ್ರೂ ಸ್ಕೋರ್ ನೋಡಿ ಕೆಳಗೆ ಓಡ್ತಾರೆ. ಹೆಸರು, ಗುರುತಿನ ಚೀಟಿ, ವಿಳಾಸ, ಫೋನ್ ಇರೋ ಭಾಗ. ನನ್ನ ಪ್ಯಾನ್ ಸರಿ ಇತ್ತು, ಅದರ ಕೆಳಗೆ ಒಂದು ವೋಟರ್ ಐಡಿ ನಂಬರ್, ಅದು ನಂದಲ್ಲ. ವಿಳಾಸ ನಾಲ್ಕಿದ್ವು, ಮೂರು ತುಮಕೂರಿಂದು, ನಾಲ್ಕನೇದು ಹೊಸಕೋಟೆ ಹತ್ರದ ಒಂದು ಹಳ್ಳಿ, ನಾನು ಆ ಕಡೆ ಹೋಗಿದ್ದೇ ಇಲ್ಲ. ಒಂದು ಮೊಬೈಲ್ ನಂಬರ್ ಕೂಡ ಬೇರೆಯೋರ್ದು. ಹೆಸರು ಇಂಗ್ಲಿಷಲ್ಲಿ ಒಂದು ಕಡೆ ಮಂಜುನಾಥ್, ಒಂದು ಕಡೆ ಮಂಜುನಾಥ ಅಂತ ಕೊನೆಗೆ ಒಂದು ಎ ಸೇರಿಸಿದ್ದು. ನಂದು ಪ್ಯಾನಲ್ಲಿ ಎ ಇದೆ, ಆಧಾರಲ್ಲಿ ಇಲ್ಲ. ನಮ್ಮ ಕಡೆ ಹೆಸರುಗಳ ಹಣೆಬರಹ ಇದು, ಸರ್‌ನೇಮ್ ಇಲ್ಲ, ಇನಿಶಿಯಲ್ ಒಂದು ಕಡೆ ಹಿಂದೆ ಒಂದು ಕಡೆ ಮುಂದೆ, ಒಂದು ಕಡೆ ಬಿಡಿಸಿ ಬರೆದಿರ್ತಾರೆ ಒಂದು ಕಡೆ ಇಲ್ಲ. ಕಂಪ್ಯೂಟರ್‌ಗೆ ಇಬ್ಬರು ಒಬ್ಬರೇ ಅನ್ನಿಸಿದ್ರಲ್ಲಿ ಆಶ್ಚರ್ಯ ಇಲ್ಲ, ಆದ್ರೆ ಕಂಪ್ಯೂಟರ್‌ಗೆ ಅನ್ನಿಸ್ತು ಅಂತ ಒಬ್ಬ ಮನುಷ್ಯನ ಹೆಸರಿಗೆ ಮಸಿ ಬಳಿಯೋದು ಸರಿ ಅಲ್ಲ, ವೋಟರ್ ಐಡಿ ಬೇರೆ ಇದೆ ವಿಳಾಸ ಬೇರೆ ಇದೆ ಅಂತ ಒಂದ್ಸಲ ಯಾರಾದ್ರೂ ಕಣ್ಣು ಹಾಯಿಸಿದ್ರೆ ಗೊತ್ತಾಗ್ತಿತ್ತು.

ಜುಲೈ 12ಕ್ಕೆ ಮೂರು ಕಾಗದ ಹೋದ್ವು. ಆ ಎರಡು ಕ್ರೆಡಿಟ್ ಕಂಪನಿಗೂ ಹೊಸ ಡಿಸ್ಪ್ಯೂಟ್, ಈ ಸಲ ಓನರ್‌ಶಿಪ್ ಅಂತಾನೇ, ಜೊತೆಗೆ ಆ ಬೇರೆ ವೋಟರ್ ಐಡಿ, ವಿಳಾಸ, ಫೋನ್ ಮೂರೂ ನಂದಲ್ಲ ಅಂತ. ಫೈನಾನ್ಸ್ ಕಂಪನಿ ದೂರು ವಿಭಾಗಕ್ಕೆ ಮೇಲ್ ಮತ್ತೆ ಅದೇ ಕಾಗದ ರಿಜಿಸ್ಟರ್ ಪೋಸ್ಟಲ್ಲಿ ಅಕ್‌ನಾಲೆಡ್ಜ್‌ಮೆಂಟ್ ಸಮೇತ. ಅದ್ರಲ್ಲಿ ಏನು ಬರೆದೆ ಅಂತ ಹೇಳ್ತೀನಿ, ಯಾರಿಗಾದ್ರೂ ಬೇಕಾಗುತ್ತೆ. ರಿಪೋರ್ಟ್ ಮೇಲೆ ಕಂಟ್ರೋಲ್ ನಂಬರ್ ಇರುತ್ತೆ, ಅದು, ಮತ್ತೆ ಆ ಲೋನ್ ಖಾತೆ ರಿಪೋರ್ಟಲ್ಲಿ ಹೆಂಗೆ ಕಾಣಿಸ್ತಿದೆಯೋ ಹಂಗೇ ಅದರ ನಂಬರ್. ಈ ಸಾಲ ನಾನು ತಗೊಂಡಿಲ್ಲ, ನನ್ನ ಹೆಸರಿನ ಬೇರೆಯೋರದು, ಅನ್ನೋ ಒಂದೇ ಮಾತು, ಸುತ್ತಿ ಬಳಸಿ ಇಲ್ಲದೆ. ಆಮೇಲೆ ನಾನು ಕೇಳಿದ್ದು, ಈ ಸಾಲ ಕೊಟ್ಟಾಗ ನೀವು ತಗೊಂಡ ಅರ್ಜಿ, ಗುರುತಿನ ಚೀಟಿ, ಸಹಿ, ಅಂಗಡೀಲಿ ತೆಗೆದ ಫೋಟೋ ಇಷ್ಟನ್ನೂ ನನ್ನ ದಾಖಲೆ ಜೊತೆ ಇಟ್ಟು ನೋಡಿ, ನೋಡಿದ ಮೇಲೂ ನಂದೇ ಅನ್ನೋದಾದ್ರೆ ಯಾವ ಆಧಾರದ ಮೇಲೆ ಅಂತ ಬರವಣಿಗೇಲಿ ಕೊಡಿ. ಟಿವಿ ಫ್ರಿಜ್ ಸಾಲ ಕೊಡೋವಾಗ ಅಂಗಡೀಲೇ ಫೋಟೋ ತೆಗೀತಾರೆ ಅನ್ನೋದು ನಂಗೆ ನಮ್ಮ ಭಾವ ಹೇಳಿದ್ದು, ಅವ್ರು ಅಂಥ ಅಂಗಡೀಲಿ ಕೆಲಸ ಮಾಡ್ತಿದ್ರು. ಜೊತೆಗೆ ಪ್ಯಾನ್ ಕಾಪಿ, ಅದ್ರಲ್ಲಿ ಅಪ್ಪನ ಹೆಸರಿರುತ್ತೆ, ಅದು ದೊಡ್ಡ ಸಾಕ್ಷಿ, ಮಾರ್ಕ್ಸ್ ಕಾರ್ಡ್, ನನ್ನ ಸ್ವಂತ ವೋಟರ್ ಐಡಿ, 2021ರ ನವೆಂಬರ್‌ದು ಸಂಬಳದ ಸ್ಲಿಪ್, ಅದೇ ತಿಂಗಳ ಮನೆ ಕರೆಂಟ್ ಬಿಲ್, ಮತ್ತೆ ಸಾಲ ಕಾಣಿಸದ ಆ ಎರಡು ರಿಪೋರ್ಟಿನ ಕಾಪಿ. ಆಧಾರ್ ಕೊಡೋದಾದ್ರೆ ಮೊದಲ ಎಂಟು ಅಂಕಿ ಮುಚ್ಚಿರೋ ಮಾಸ್ಕ್ಡ್ ಆಧಾರ್ ಕೊಡಿ, ಪ್ರತಿ ಕಾಪಿ ಮೇಲೂ ಯಾತಕ್ಕೆ ಕೊಟ್ಟಿದ್ದು ಅಂತ ಬರೆದು ಸಹಿ ಹಾಕಿ.

ಕಾಗದದ ಕೊನೇಲಿ ಎರಡು ರೂಲ್ಸ್ ನೆನಪು ಮಾಡಿದ್ದೆ. ಒಂದು, 2005ರ ಕ್ರೆಡಿಟ್ ಮಾಹಿತಿ ಕಂಪನಿಗಳ ಕಾಯ್ದೆ, ಸೆಕ್ಷನ್ 21, ತಿದ್ದುಪಡಿ ಕೇಳಿದ್ರೆ 30 ದಿನದೊಳಗೆ ಮಾಡ್ಬೇಕು. ಎರಡನೇದು 2023ರ ಅಕ್ಟೋಬರ್ 26ರ ರಿಸರ್ವ್ ಬ್ಯಾಂಕ್ ಸುತ್ತೋಲೆ, ದೂರು ಕೊಟ್ಟ 30 ದಿನದಲ್ಲಿ ಬಗೆಹರೀಲಿಲ್ಲ ಅಂದ್ರೆ ಆಮೇಲಿನ ಒಂದೊಂದು ದಿನಕ್ಕೂ 100 ರೂಪಾಯಿ ದೂರುದಾರನಿಗೆ ಕೊಡಬೇಕು, ಸಾಲ ಕೊಟ್ಟೋರಿಗೆ ಅದ್ರಲ್ಲಿ 21 ದಿನ, ಅವ್ರು ತಡ ಮಾಡಿದ್ರೆ ಅವ್ರು ಕೊಡಬೇಕು, ಅವ್ರು ಸರಿಯಾಗಿ ಕಳಿಸಿದ ಮೇಲೂ ಕ್ರೆಡಿಟ್ ಕಂಪನಿ ತಡ ಮಾಡಿದ್ರೆ ಆ ಕಂಪನಿಯೇ ಕೊಡಬೇಕು. ಇದು ಜಾರಿಗೆ ಬಂದಿದ್ದು 2024ರ ಏಪ್ರಿಲ್ 26ರಿಂದ, ನನ್ನ ಪ್ರಕರಣಕ್ಕೆ ಬರೋಬ್ಬರಿ ಹೊಂದ್ತಿತ್ತು. ನೂರು ರೂಪಾಯಿ ಸಣ್ಣದು ಅನ್ನಿಸಬಹುದು, ಆದ್ರೆ ದಿನಾ ಮೀಟರ್ ಓಡ್ತಿರುತ್ತೆ ಅಂತ ಗೊತ್ತಾದ್ರೆ ಫೈಲ್ ಮೇಜಿನ ಮೇಲೆ ಕೂರಲ್ಲ. ಅದೇ ದಿನದ ಇನ್ನೊಂದು ಸುತ್ತೋಲೇಲಿ, ಡೀಫಾಲ್ಟ್, ಅಂದ್ರೆ ಸಾಲ ಕಟ್ಟಿಲ್ಲ, ಅಂತ ರಿಪೋರ್ಟ್ ಮಾಡೋವಾಗ ಗ್ರಾಹಕನಿಗೆ ಎಸ್ಸೆಮ್ಮೆಸ್ ಇಲ್ಲ ಮೇಲ್ ಕಳಿಸ್ಬೇಕು ಅಂತಾನೂ ಇದೆ. ತುಂಬಾ ಒಳ್ಳೇದು, ಆದ್ರೆ ನನ್ನಂಥೋರಿಗೆ ಅದು ತಲುಪಲ್ಲ, ಆ ಮೆಸೇಜ್ ಹೋಗೋದು ಸಾಲ ತಗೊಂಡೋರ ನಂಬರಿಗೆ. ಅದಕ್ಕೇ ವರ್ಷಕ್ಕೊಂದ್ಸಲ ನಾವೇ ನೋಡ್ಕೋಬೇಕು ಅನ್ನೋದು.

ಜುಲೈ ಕಳೀತು, ಆಗಸ್ಟ್ ಬಂತು, ಉತ್ತರ ಇಲ್ಲ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದ್ರೆ ಪ್ರತಿ ಸಲ ಹೊಸಬ್ರು, ಪ್ರತಿ ಸಲ ಮೊದಲಿಂದ ಹೇಳ್ಬೇಕು, ಪ್ರತಿ ಸಲ ನಿಮ್ಮ ಲೋನ್ ನಂಬರ್ ಹೇಳಿ ಅಂತಾರೆ, ನಂದು ಲೋನೇ ಇಲ್ಲ ಅನ್ನೋನು ಲೋನ್ ನಂಬರ್ ಎಲ್ಲಿಂದ ತರ್ಲಿ. ಹೇಳಿದ್ರೆ ಅದೇ ನಿಮ್ದು ಅಂತ ಒಪ್ಪಿಕೊಂಡಂಗೆ ಇವ್ರು ಬರ್ಕೋತಾರೇನೋ ಅನ್ನೋ ಭಯ ಬೇರೆ. ಇನ್ನೊಂದು ಬ್ಯಾಂಕಲ್ಲಿ ಟ್ರೈ ಮಾಡೋಣ ಅಂತ ಮನಸ್ಸಾಗಿತ್ತು, ಮ್ಯಾನೇಜರ್ ಬೇಡ ಅಂದ್ರು, ಒಂದೊಂದು ಅರ್ಜಿಗೂ ಒಂದೊಂದು ಎನ್‌ಕ್ವೈರಿ ಬೀಳುತ್ತೆ, ಅಂದ್ರೆ ಬ್ಯಾಂಕ್ ರಿಪೋರ್ಟ್ ತೆಗೆದು ನೋಡಿದ್ದು ದಾಖಲಾಗುತ್ತೆ, ಈ ಪರಿಸ್ಥಿತೀಲಿ ನಾಲ್ಕು ಕಡೆ ಹಾಕಿ ನಾಲ್ಕು ಕಡೆ ರಿಜೆಕ್ಟ್ ಆದ್ರೆ ಇನ್ನೂ ಕೆಡುತ್ತೆ ಅಂತ. ಅವರ ಆ ಮಾತಿಗೆ ನಾನು ಋಣಿ.

30 ದಿನ ಆಯ್ತು. ಆಗಸ್ಟ್ 16ಕ್ಕೆ ಬ್ಯಾಂಕು ಫೈನಾನ್ಸ್ ಕಂಪನಿಗಳ ಮೇಲಿನ ಗ್ರಾಹಕರ ದೂರು ವಿಚಾರಿಸೋ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ದೂರು ಹಾಕಿದೆ. ನಾನು ಬೆಂಗಳೂರು ನೃಪತುಂಗ ರಸ್ತೆ ಆಫೀಸಿಗೇ ಹೋಗ್ಬೇಕೇನೋ, ವಕೀಲರು ಬೇಕೇನೋ ಅಂದ್ಕೊಂಡಿದ್ದೆ. ಏನೂ ಬೇಡ. 2021ರ ನವೆಂಬರಿಂದ ದೇಶಕ್ಕೆಲ್ಲ ಒಂದೇ ವ್ಯವಸ್ಥೆ, ಸಿಎಂಎಸ್ ಅಂತ ಪೋರ್ಟಲ್ ಇದೆ, ಫೀಸಿಲ್ಲ, ಮೊಬೈಲಿಗೆ ಓಟಿಪಿ ಬರುತ್ತೆ, ದೂರು ಬರೆದು ದಾಖಲೆ ಹಾಕೋದು. ಗೊತ್ತಾಗಲಿಲ್ಲ ಅಂದ್ರೆ 14448ಕ್ಕೆ ಫೋನ್ ಮಾಡಿದ್ರೆ ಹೇಳ್ತಾರೆ. ಮೊದಲು ಸಂಸ್ಥೆಗೇ ದೂರು ಕೊಟ್ಟಿರ್ಬೇಕು, 30 ದಿನ ಕಾದಿರ್ಬೇಕು, ಇಲ್ಲ ಅವ್ರು ಕೊಟ್ಟ ಉತ್ತರ ಸರಿ ಇರಬಾರ್ದು, ಇದೇ ಮುಖ್ಯ ಷರತ್ತು. ನಾನು ಆ ರಿಜಿಸ್ಟರ್ ಪೋಸ್ಟಿನ ಅಕ್‌ನಾಲೆಡ್ಜ್‌ಮೆಂಟ್ ಕಾರ್ಡ್ ಇದೆಯಲ್ಲ, ಅವರ ಸೀಲು ಸಹಿ ಬಿದ್ದು ವಾಪಸ್ ಬಂದಿದ್ದು, ಅದರ ಫೋಟೋ ಹಾಕಿದೆ. ಬರೆದೇ ಕೊಡಿ ಅಂತ ಹೆಂಡ್ತಿ ಹೇಳಿದ್ದು ಕೆಲಸಕ್ಕೆ ಬಂದಿದ್ದು ಅಲ್ಲಿ. ಕ್ರೆಡಿಟ್ ಮಾಹಿತಿ ಕಂಪನಿಗಳ ಮೇಲೂ ಅಲ್ಲೇ ದೂರು ಕೊಡಬಹುದು, 2022ರ ಸೆಪ್ಟೆಂಬರ್ 1ರಿಂದ ಅವರನ್ನೂ ಸೇರಿಸಿದಾರೆ.

ಗಣೇಶನ ಹಬ್ಬ ಆದ ವಾರ ಫೈನಾನ್ಸ್ ಕಂಪನೀಲಿ ದೂರುಗಳನ್ನ ನೋಡ್ಕೊಳ್ಳೋ ನೋಡಲ್ ಆಫೀಸರ್ ಅಂತ ಒಬ್ರು ಹೆಣ್ಮಗಳು ಫೋನ್ ಮಾಡಿದ್ರು. ಮೊದಲನೇ ಸಲ ಒಬ್ರು ನನ್ನ ಕಾಗದ ಓದಿ ಮಾತಾಡ್ತಿದ್ರು, ಧ್ವನಿಯಲ್ಲೇ ಗೊತ್ತಾಗ್ತಿತ್ತು. ತುಮಕೂರು ಬ್ರಾಂಚಿಗೆ ಒರಿಜಿನಲ್ ದಾಖಲೆ ತಗೊಂಡು ಹೋಗಿ ಸರ್, ನಾನು ಅವ್ರಿಗೆ ಹೇಳಿರ್ತೀನಿ ಅಂದ್ರು.

ಸೆಪ್ಟೆಂಬರ್ 11, ಬುಧವಾರ. ಬ್ರಾಂಚ್ ಅಂದ್ರೆ ಮೇಲ್ಮಹಡಿಯ ಒಂದು ರೂಮು, ನಾಲ್ಕು ಕಂಪ್ಯೂಟರ್. ಇಪ್ಪತ್ತೈದು ವಯಸ್ಸಿನ ಹುಡುಗ, ನನ್ನ ಪ್ಯಾನ್ ತಗೊಂಡ, ವೋಟರ್ ಐಡಿ ತಗೊಂಡ, ಏನೋ ಟೈಪ್ ಮಾಡಿ ಸ್ಕ್ರೀನ್ ನೋಡ್ದ, ನನ್ನ ಮುಖ ನೋಡ್ದ, ಮತ್ತೆ ಸ್ಕ್ರೀನ್ ನೋಡ್ದ. "ಸರ್ ನೀವಲ್ಲ ಇದು" ಅಂದ. ಮೂರು ತಿಂಗಳಿಂದ ನಾನು ಹೇಳ್ತಿದ್ದ ಮಾತು, ಅವನು ಹತ್ತು ಸೆಕೆಂಡಲ್ಲಿ ಹೇಳಿದ. ಅವನು ಮಾನಿಟರ್ ನನ್ನ ಕಡೆ ಪೂರ್ತಿ ತಿರುಗಿಸ್ಲಿಲ್ಲ, ತಿರುಗಿಸಬಾರ್ದು ಕೂಡ, ಆದ್ರೆ ಪಕ್ಕದ ಕುರ್ಚೀಲಿ ಕೂತಿದ್ದ ನಂಗೆ ಫೋಟೋ ಕಾಣಿಸ್ತು.

ಅಂಗಡಿ ಒಳಗೆ ತೆಗೆದಿದ್ದು. ಹಿಂದೆ ಸಾಲಾಗಿ ಫ್ರಿಜ್‌ಗಳು, ಬಾಗಿಲ ಮೇಲೆ ಸ್ಟಿಕ್ಕರ್ ಇನ್ನೂ ಹಂಗೇ ಇದೆ. ಸಣ್ಣಗಿದ್ದ ಮನುಷ್ಯ, ಚೆಕ್ಸ್ ಶರ್ಟು, ಮೇಲಿನ ಬಟನ್ನೂ ಹಾಕ್ಕೊಂಡಿದಾರೆ, ಫೋಟೋಗೋಸ್ಕರ ಮಾಸ್ಕನ್ನ ಗದ್ದಕ್ಕೆ ಎಳ್ಕೊಂಡಿದಾರೆ. 2021ರ ನವೆಂಬರ್ ಅಲ್ವಾ. ಮುಖದಲ್ಲಿ ಒಂದು ಸಣ್ಣ ನಗು, ಮನೆಗೆ ಹೊಸ ಫ್ರಿಜ್ ತಗೊಂಡು ಹೋಗೋನ ನಗು. ಅಷ್ಟು ದಿನ ಆ ಮನುಷ್ಯನ ಮೇಲೆ ನಂಗೆ ಎಷ್ಟು ಸಿಟ್ಟಿತ್ತು ಅಂದ್ರೆ ಸಿಕ್ಕಿದ್ರೆ ಕೊರಳಪಟ್ಟಿ ಹಿಡೀತಿದ್ದೆ. ಆ ಫೋಟೋ ನೋಡಿದ ಮೇಲೆ ನೆನಪಾಗಿದ್ದು ಆ ಮೂರು ಸೊನ್ನೆ ಮನೆಗಳು, ಡಿಸೆಂಬರ್, ಜನವರಿ, ಫೆಬ್ರವರಿ. ಮೂರು ತಿಂಗಳು ಸರಿಯಾಗಿ ಕಟ್ಟಿದ ಮನುಷ್ಯ ಮಾರ್ಚ್‌ನಲ್ಲಿ ನಿಲ್ಲಿಸಿದಾನೆ ಅಂದ್ರೆ ಏನೋ ಆಗಿರುತ್ತೆ, ಕೆಲಸ ಹೋಗಿರಬಹುದು, ಯಾರಿಗೋ ಹುಷಾರಿಲ್ಲದೆ ಇರಬಹುದು. ಅವರಿಗೂ ಯಾರೋ ಮೇಷ್ಟ್ರು ಜೂನ್ 1 ಅಂತ ಬರೆದಿರ್ತಾರೆ. ಅವರೇನೂ ನನ್ನ ಹೆಸರು ಕದ್ದಿಲ್ಲ, ಅವರ ಹೆಸರಲ್ಲೇ ಸಾಲ ತಗೊಂಡಿದಾರೆ. ಇಬ್ಬರನ್ನ ಒಂದು ಮಾಡಿದ್ದು ಬೇರೆಯೋರು.

ಅಪ್ಪನ ಹೆಸರು ಬೇರೆ, ವೋಟರ್ ಐಡಿ ಬೇರೆ, ಸಹಿ ಅವರು ಕನ್ನಡದಲ್ಲಿ ಹಾಕಿದ್ರು, ನಂದು ಇಂಗ್ಲಿಷಲ್ಲಿ. ಅರ್ಜೀಲಿ ಪ್ಯಾನ್ ಇರ್ಲೇ ಇಲ್ಲ. ಹುಡುಗ ಎಲ್ಲ ಬರೆದು ನನ್ನ ಹತ್ರ ಒಂದು ಹೇಳಿಕೆ ತಗೊಂಡು ಹೆಡ್ ಆಫೀಸಿಗೆ ಕಳಿಸ್ದ. ಅದಾದ್ಮೇಲೂ ಮೂರು ವಾರ ಹಿಡೀತು.

ಅಕ್ಟೋಬರ್ 4, ನವರಾತ್ರಿ ಎರಡನೇ ದಿನ, ಮೇಲ್ ಬಂತು, ಸಂಬಂಧಪಟ್ಟ ಖಾತೆ ನಿಮ್ಮದಲ್ಲ ಅಂತ ದೃಢಪಟ್ಟಿದೆ, ಎರಡೂ ಕಡೆ ತೆಗೆಸಲಾಗಿದೆ ಅಂತ. ರಿಪೋರ್ಟ್ ತೆಗೆದು ನೋಡಿದೆ. ಬೈಕ್ ಲೋನ್, ಪರ್ಸನಲ್ ಲೋನ್, ಅಷ್ಟೇ. ಹೊಸಕೋಟೆ ವಿಳಾಸವೂ ಇಲ್ಲ. ಸ್ಕೋರ್ 774. ಹೆಂಡ್ತಿಗೆ ತೋರಿಸಿದೆ, ಅವಳು ಸ್ಕೋರ್ ನೋಡ್ಲಿಲ್ಲ, ಖಾತೆಗಳ ಪುಟವನ್ನ ಮೇಲಿಂದ ಕೆಳಗೆ ಎರಡು ಸಲ ಸರಿಸಿ ನೋಡಿ ಫೋನ್ ವಾಪಸ್ ಕೊಟ್ಲು.

ಜುಲೈ 12ರಿಂದ 30 ದಿನ ಬಿಟ್ಟು, ಆಗಸ್ಟ್ 12ರಿಂದ ಅಕ್ಟೋಬರ್ 4ರವರೆಗೆ 54 ದಿನ. ದುಡ್ಡಿನ ವಿಷ್ಯ ಅವ್ರು ಮೇಲಲ್ಲಿ ಹೇಳಿರ್ಲಿಲ್ಲ, ನಾನು ಸುತ್ತೋಲೆ ತಾರೀಕು ಹಾಕಿ ಲೆಕ್ಕ ಬರೆದು ಕಳಿಸಿದೆ. ಐದು ಕೆಲಸದ ದಿನದೊಳಗೆ ಖಾತೆಗೆ ಹಾಕ್ಬೇಕು ಅಂತ ರೂಲ್ಸು. ಆಯುಧ ಪೂಜೆ ಹಿಂದಿನ ದಿನ 5,400 ಬಂತು. ಆ ಮಳೆಗಾಲದಲ್ಲಿ ನಮಗಾದ ಖರ್ಚಿಗೆ ಅದು ಏನೂ ಅಲ್ಲ, ಪಾಯದ ನೀರು ತೆಗೆಸೋಕೆ, ಕುಸಿದ ಕಡೆ ಮತ್ತೆ ಕಟ್ಟಿಸೋಕೆ ಅದರ ಹತ್ತರಷ್ಟಾಯ್ತು. ಆದ್ರೂ ಆ ಎಸ್ಸೆಮ್ಮೆಸ್ ನಾನು ಇನ್ನೂ ಡಿಲೀಟ್ ಮಾಡಿಲ್ಲ. ತಪ್ಪು ನಮ್ಮದು ಅಂತ ಅವರು ಬಾಯಲ್ಲಿ ಎಲ್ಲೂ ಹೇಳ್ಲಿಲ್ಲ, ಹೇಳಿದ್ದು ಅದೊಂದೇ ಕಡೆ.

ನವೆಂಬರ್‌ನಲ್ಲಿ ಲೋನ್ ಸ್ಯಾಂಕ್ಷನ್ ಆಯ್ತು, ಮೇಸ್ತ್ರಿ ವಾಪಸ್ ಬಂದ್ರು. ಈಗ ಪ್ರತಿ ಜನವರಿ ನಾಲ್ಕೂ ರಿಪೋರ್ಟ್ ತೆಗೀತೀನಿ, ನಂದು, ಹೆಂಡ್ತೀದು, ಮೊದಲನೇ ಪುಟದಿಂದ ಓದ್ತೀನಿ. ಅಣ್ಣಂದೂ ತೆಗೆದುಕೊಟ್ಟೆ, ಅವನದ್ದೂ ಜೂನ್ 1. ಅವನ ಫೈಲಲ್ಲೂ ಒಂದು ಗೊತ್ತಿಲ್ಲದ ಫೋನ್ ನಂಬರ್ ಸಿಕ್ಕಿದೆ, ಸಾಲ ಯಾವುದೂ ಇಲ್ಲ ಸದ್ಯಕ್ಕೆ, ಆದ್ರೂ ನಂದಲ್ಲ ಅಂತ ನಿನ್ನೆ ಡಿಸ್ಪ್ಯೂಟ್ ಹಾಕಿಸಿದೀನಿ.